ಹಾಳೆ ಬದಲಾಯಿಸಬೇಡಿ

ಈ ವಾರಕ್ಕೆಂದು ಬೇರೆ ಪತ್ರವೊಂದಕ್ಕೆ ಉತ್ತರ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟು ಇದನ್ನು ಕೈಗೆತ್ತಿಕೊಂಡಿದ್ದೇನೆ. ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಾತು ಕೊಂಚ ಖಾರವಾದರೆ ಪತ್ರ ಬರೆದ ಸಹೋದರಿ ಸಹಿಸಿಕೊಳ್ಳಬೇಕು.

ಅವರಿಗೆ ಮೂವತ್ತಾರು ವರ್ಷ. ಜಿಲ್ಲಾ ಕೇಂದ್ರವೊಂದರಲ್ಲಿ, ದೊಡ್ಡ ಇಲಾಖೆಯೊಂದರ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಸಿಬ್ಬಂದಿ ಶಾಖೆಯ ಕಡತಗಳು ಅವರ ಪಾಲಿಗೆ. ಸ್ಪರ್ಧಾತ್ಮಕ ಪರೀಕ್ಷೆ ಬರೆದು, ಬೀದಿಗೆಲ್ಲ ಪೇಡಾ ಹಂಚಿ ಸೇರಿದ ಕೆಲಸ. ಈಗ ಕಚೇರಿಯ ಮೆಟ್ಟಿಲು ಹತ್ತುವಾಗ ಹೊಟ್ಟೆ ತೊಳಸುತ್ತದಂತೆ. ಕಾರಣ, ಅನುಕಂಪದ ಆಧಾರದ ನೇಮಕಾತಿಯ ಒಂದು ಕಡತ. ಸೇವೆಯಲ್ಲಿರುವಾಗಲೇ ತೀರಿಕೊಂಡ ಡಿ ದರ್ಜೆ ನೌಕರರೊಬ್ಬರ ಮಗನ ಅರ್ಜಿ ಅದು. ಸಾವು ಸಂಭವಿಸಿ ಒಂದು ವರ್ಷ ತುಂಬುವುದರೊಳಗೇ ಸಲ್ಲಿಕೆಯಾಗಿದೆ, ಬೇಕಾದ ಪ್ರಮಾಣಪತ್ರಗಳೆಲ್ಲ ಇವೆ. ಅಧೀಕ್ಷಕರು ಮಾತ್ರ ‘ಮೇಲಿನವರು ಸದ್ಯಕ್ಕೆ ಬೇಡ ಅಂದಿದ್ದಾರೆ’ ಎಂದು ಕಡತವನ್ನು ಕದಲಿಸುತ್ತಿಲ್ಲ. ತೀರಿಕೊಂಡವರ ಹೆಂಡತಿ ಸೋಮವಾರಕ್ಕೊಮ್ಮೆ ಹಳ್ಳಿಯಿಂದ ಬಂದು, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಲ್ಯಾಮಿನೇಟ್ ಮಾಡಿಸಿದ ಮರಣ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಡುತ್ತಾರೆ. ಅದನ್ನು ಈಗಾಗಲೇ ಕೊಟ್ಟಾಗಿದೆ ಎಂದು ಎಷ್ಟು ಹೇಳಿದರೂ ಮುಂದಿನ ವಾರ ಮತ್ತೆ ತೆಗೆದಿಡುತ್ತಾರೆ.

‘ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ನಾನು ಯಾರು ಮೇಡಂ? ನನ್ನ ಕೈಯಲ್ಲಿ ಏನಿದೆ? ರಾಜೀನಾಮೆ ಕೊಟ್ಟು ಮನೆಯಲ್ಲಿ ಟ್ಯೂಷನ್ ಹೇಳಿಕೊಂಡಿರಲೇ?’ ಇದು ಅವರ ಪ್ರಶ್ನೆ.

ಆದರೆ ನನ್ನ ಕಣ್ಣು ನಿಂತದ್ದು ಮೂರನೆಯ ಪುಟದ ನಾಲ್ಕು ಸಾಲುಗಳ ಮೇಲೆ. ‘ಅಭ್ಯರ್ಥಿ ಅರ್ಹ ಎಂದೇ ಬರೆದು ಮಂಡಿಸಿದ್ದೆ. ಅಧೀಕ್ಷಕರು ಚರ್ಚಿಸಿ ಎಂದು ಷರಾ ಹಾಕಿ ವಾಪಸ್ ಕಳಿಸಿದರು. ಒಳಗೆ ಹೋದರೆ, ದಾಖಲೆ ಅಪೂರ್ಣ ಎಂದು ಬರೆದುಕೊಂಡು ಬನ್ನಿ ಎಂದರು. ಎರಡು ಸಲ ಟಿಪ್ಪಣಿ ಹಾಳೆ ಬದಲಾಯಿಸಿಕೊಟ್ಟೆ. ಅದು ಬಿಡಿ ಮೇಡಂ…’

ಬಿಡಲಾರೆ ತಾಯಿ. ನಿಮ್ಮ ಪತ್ರದಲ್ಲಿ ಇರುವುದೇ ಅದು, ಉಳಿದದ್ದೆಲ್ಲ ಸಂಕಟ.

ಕಚೇರಿಯ ಒಳಗನ್ನು ಕಾಣದ ಓದುಗರಿಗಾಗಿ ಎರಡು ಮಾತು. ಕಡತದಲ್ಲಿ ಎರಡು ಭಾಗ. ಒಂದು ಕಡೆ ಅರ್ಜಿ, ಪ್ರಮಾಣಪತ್ರ, ಪತ್ರ ವ್ಯವಹಾರ. ಇನ್ನೊಂದು ಕಡೆ ಟಿಪ್ಪಣಿ. ವಿಷಯ ನಿರ್ವಾಹಕರು, ಅಂದರೆ ಕಡತ ನೋಡಿಕೊಳ್ಳುವ ಈ ಸಹೋದರಿಯಂಥವರು, ಪ್ರತಿ ಕಂಡಿಕೆಗೆ (ಪ್ಯಾರಾಕ್ಕೆ) ಸಂಖ್ಯೆ ಹಾಕುತ್ತಾ ಸಂಗತಿ ಏನು, ನಿಯಮ ಏನು, ಏನು ಮಾಡಬಹುದು ಎಂದು ಬರೆದು, ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಸಹಿ ಹಾಕುತ್ತಾರೆ. ಅದರ ಕೆಳಗೆ ಅಧೀಕ್ಷಕರು, ಅವರ ಕೆಳಗೆ ಅಧಿಕಾರಿ. ಮೇಲಿನವರು ಕೆಳಗಿನವರ ಅಭಿಪ್ರಾಯವನ್ನು ಒಪ್ಪಬೇಕೆಂದಿಲ್ಲ. ಒಪ್ಪದಿದ್ದರೆ ಕೆಳಗೆ ಬರೆದರಾಯಿತು, ಜಾಗಕ್ಕೇನೂ ಬರವಿಲ್ಲ. ಆದರೆ ಬರೆದದ್ದನ್ನು ಇಲ್ಲವಾಗಿಸುವಂತಿಲ್ಲ. ಕಂಪ್ಯೂಟರಿನಲ್ಲೇ ಕಡತ ನಡೆಸುವ ಇ-ಆಫೀಸ್ ಬಂದ ಕಡೆ ಟಿಪ್ಪಣಿ ಒಮ್ಮೆ ಹಸಿರಾದರೆ, ಅಂದರೆ ಅಂತಿಮವಾದರೆ, ಬ್ರಹ್ಮ ಬಂದರೂ ತಿದ್ದಲಾಗದು. ನಿಮ್ಮ ಶಾಖೆಯಲ್ಲಿ ಇನ್ನೂ ಕಾಗದ, ಅದನ್ನು ಕಟ್ಟುವ ಟ್ಯಾಗು ದಾರ. ಬಿಚ್ಚಿದರೆ ಹಳೆಯ ಹಾಳೆ ಕೈಗೆ ಬಂತು, ಹೊಸದನ್ನು ಕಟ್ಟಿದರೆ ಹಳೆಯದು ಹೋಯಿತು.

ಈಗ ಯೋಚಿಸಿ. ಆ ಅಧೀಕ್ಷಕರಿಗೆ ನಿಮಗಿಂತ ಸಂಬಳ ಹೆಚ್ಚು, ಅಧಿಕಾರ ಹೆಚ್ಚು. ‘ಕಂಡಿಕೆ 6ರ ಪ್ರಸ್ತಾವವನ್ನು ಸದ್ಯಕ್ಕೆ ಪರಿಗಣಿಸಲಾಗದು’ ಎಂದು ಒಂದು ಸಾಲು ಗೀಚಿದ್ದರೆ ಮುಗಿಯುತ್ತಿತ್ತು. ಏಕೆ ಗೀಚಲಿಲ್ಲ? ಗೀಚಿದರೆ ಅದರ ಕೆಳಗೆ ಅವರ ಸಹಿ ಇರುತ್ತದೆ, ದಿನಾಂಕ ಇರುತ್ತದೆ. ಅವರಿಗೆ ಬೇಕಾದದ್ದು ಆ ಸುಳ್ಳು ನಿಮ್ಮ ಕೈಬರಹದಲ್ಲಿ ಇರುವುದು. ಕೈಯಲ್ಲಿ ಏನೂ ಇಲ್ಲದವಳ ಹಾಳೆಯನ್ನು ಬದಲಾಯಿಸು ಎಂದು ಯಾರೂ ಗೋಗರೆಯುವುದಿಲ್ಲ. ‘ನಾನು ಯಾರು’ ಎಂದು ನನ್ನನ್ನು ಕೇಳುತ್ತೀರಿ. ಅದು ನಿಮ್ಮ ಅಧೀಕ್ಷಕರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಎರಡು ಸಲ ಒಳಗೆ ಕರೆದರು.

ಆ ಹಾಳೆಯಿಂದ ಆಗುವ ಹಾನಿಯೂ ಸಣ್ಣದಲ್ಲ. ಅನುಕಂಪದ ನೇಮಕಾತಿ ಇರುವುದು ದುಡಿಯುವ ಕೈ ಹೋದ ಕುಟುಂಬ ಆ ಹೊತ್ತಿಗೆ ಕುಸಿಯದಿರಲಿ ಎಂದು. ಅದು ಎಂದೋ ಒಮ್ಮೆ ಪಡೆದುಕೊಳ್ಳುವ ಹಕ್ಕಲ್ಲ, ತೀರಾ ತಡವಾದ ಮೇಲೆ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ, ಉಮೇಶ್ ಕುಮಾರ್ ನಾಗ್ಪಾಲ್ ಪ್ರಕರಣದಲ್ಲಿ ಹೇಳಿದೆ. ಅಂದರೆ ಕಡತ ಮಲಗಿದಷ್ಟೂ ಆ ಹುಡುಗನ ಅರ್ಜಿಯ ಜೀವ ಸೋರುತ್ತದೆ. ನಾಲ್ಕೈದು ವರ್ಷ ಕಳೆದ ಮೇಲೆ ‘ಇಷ್ಟು ದಿನ ಬದುಕಿದ್ದೀರಲ್ಲ, ಈಗೇನು ತುರ್ತು’ ಎಂದು ಕೇಳಿದರೆ ಆ ತಾಯಿ ಯಾವ ಪ್ರಮಾಣಪತ್ರ ತೆಗೆದಿಡಬೇಕು? ತಡವಾದದ್ದೇಕೆ ಎಂದು ಯಾರಾದರೂ ಕಡತ ತೆರೆದರೆ ಅಲ್ಲಿ ಸಿಗುವುದು ‘ದಾಖಲೆ ಅಪೂರ್ಣ’ ಎಂಬ ಟಿಪ್ಪಣಿ, ಅದರ ಕೆಳಗೆ ನಿಮ್ಮ ಸಹಿ. ಇಲಾಖಾ ವಿಚಾರಣೆ ಎಂದಾದರೆ ಅಧೀಕ್ಷಕರು ಹೇಳುವುದನ್ನು ಈಗಲೇ ಹೇಳಿಬಿಡುತ್ತೇನೆ: ‘ವಿಷಯ ನಿರ್ವಾಹಕರು ಮಂಡಿಸಿದಂತೆ ನಾನು ಕ್ರಮ ಕೈಗೊಂಡಿರುತ್ತೇನೆ.’

ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಟ ಗೊತ್ತು. ಮದುವೆಯ ಮಾತುಕತೆಯಾಗಲಿ, ಅಣ್ಣತಮ್ಮಂದಿರ ಪಾಲಾಗಲಿ, ಬಾಯಿಮಾತನ್ನು ನಾನು ನಂಬುವವಳಲ್ಲ. ಸರ್ಕಾರಿ ಕಚೇರಿಯಲ್ಲಂತೂ ನಂಬಲೇಬಾರದು. ‘ಮೇಲಿನವರು’ ಎಂಬ ಹೆಸರಿನ ಅಧಿಕಾರಿ ಯಾವ ಇಲಾಖೆಯ ವೇತನ ಪಟ್ಟಿಯಲ್ಲೂ ಇಲ್ಲ. ನನ್ನ ಹಟಕ್ಕೆ ಕಾನೂನಿನ ಬೆಂಬಲವೂ ಇದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ ಪ್ರಕಾರ ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲೇ ಇರಬೇಕು. ಬಾಯಲ್ಲಿ ಹೇಳಲೇಬೇಕಾಗಿ ಬಂದರೆ ತಕ್ಷಣ ಬರಹದಲ್ಲಿ ದೃಢಪಡಿಸಬೇಕು. ರಾಜ್ಯದ ನೌಕರರ ನಡತೆ ನಿಯಮಗಳಲ್ಲೂ ಇದೇ ಧಾಟಿಯ ಮಾತಿದೆ, ತೆಗೆದು ಓದಿ. 2013ರ ಅಕ್ಟೋಬರ್‌ನಲ್ಲಿ, ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರ ಅರ್ಜಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮೌಖಿಕ ಸೂಚನೆಗಳ ಮೇಲೆ ಆಡಳಿತ ನಡೆಯಬಾರದು, ಅವು ದಾಖಲಾಗಬೇಕು ಎಂದಿತು. ಅರ್ಜಿ ಹಾಕಿದವರು ದೇಶದ ಅತಿ ದೊಡ್ಡ ಹುದ್ದೆಗಳಲ್ಲಿ ಕೂತು ನಿವೃತ್ತರಾದವರು. ಅವರನ್ನೂ ಕಾಡಿದ್ದು ಇದೇ ಬಾಯಿಮಾತು.

ಇನ್ನು ನಿಮ್ಮ ಸುತ್ತಲಿನವರು. ‘ಸಂಬಳ ಬರುತ್ತದಲ್ಲ, ಸುಮ್ಮನಿರು’ ಎನ್ನುವ ಗಂಡನ ಬಗ್ಗೆ ಒಂದು ಪುಟ ದೂರಿದ್ದೀರಿ. ಅವರನ್ನು ಬಿಟ್ಟುಬಿಡಿ. ಮನೆ ಸಾಲದ ಕಂತು ಕಟ್ಟುವ ಮನುಷ್ಯ, ಕಡತದ ಒಳಗೇನಿದೆ ಎಂದು ಅವರಿಗೇನು ಗೊತ್ತು? ಅಧೀಕ್ಷಕರ ಮೇಲೂ ನನಗೆ ಅಷ್ಟೇನೂ ಆಶ್ಚರ್ಯವಿಲ್ಲ. ಹೆದರಿದ ಮನುಷ್ಯ, ಎರಡು ವರ್ಷಕ್ಕೆ ನಿವೃತ್ತಿ ಎಂದು ನೀವೇ ಬರೆದಿದ್ದೀರಿ. ನನ್ನ ಸಿಟ್ಟೆಲ್ಲ ನೀವು ಹೊಗಳಿ ಬರೆದಿರುವ ಆ ಹಿರಿಯ ಸಹೋದ್ಯೋಗಿ ‘ಅಕ್ಕ’ನ ಮೇಲೆ. ಮಧ್ಯಾಹ್ನ ತಮ್ಮ ಡಬ್ಬಿಯ ಚಿತ್ರಾನ್ನವನ್ನು ನಿಮ್ಮ ತಟ್ಟೆಗೆ ಬಡಿಸುತ್ತಾ, ‘ಹೊಂದಿಕೊಂಡು ಹೋಗಮ್ಮ, ಹೊಸದರಲ್ಲಿ ನಾನೂ ನಿನ್ನ ಹಾಗೇ ಹಾರಾಡಿದವಳು’ ಎಂದವರು. ಎರಡನೇ ಸಲ ಹಾಳೆ ಬದಲಾಯಿಸುವಾಗ ಟ್ಯಾಗು ಬಿಚ್ಚಿಕೊಟ್ಟವರೂ ಅವರೇ ಅಲ್ಲವೇ? ಅಧೀಕ್ಷಕರು ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಅಕ್ಕ ಅದೇ ಕುರ್ಚಿಯಲ್ಲಿ ಕೂತು, ಬಂದ ಹೊಸಬರಿಗೆಲ್ಲ ಅನ್ನದ ಜೊತೆ ಅಂಜಿಕೆಯನ್ನೂ ಕಲಸಿ ಉಣಿಸುತ್ತಾರೆ. ಗದರಿಸುವವರಿಗೆ ಎದುರು ನಿಲ್ಲಬಹುದು. ತಲೆ ಸವರಿ ಕೂರಿಸುವವರಿಗೆ ಎದುರು ನಿಲ್ಲುವುದು ಕಷ್ಟ. ಕೆಲವು ದಿನ ಬೇರೆ ಕಡೆ ಕೂತು ಊಟ ಮಾಡಿ.

ನೀವು ಮಾಡಬೇಕಾದದ್ದು ಒಂದೇ. ಕಡತ ತೆಗೆದು, ಇರುವ ಟಿಪ್ಪಣಿಯನ್ನು ಮುಟ್ಟದೆ, ಕೆಳಗೆ ಹೊಸ ಕಂಡಿಕೆ ಬರೆಯಿರಿ:

‘ಪ್ರಕರಣದ ಬಗ್ಗೆ ಅಧೀಕ್ಷಕರೊಂದಿಗೆ ಚರ್ಚಿಸಲಾಯಿತು. ದಾಖಲೆಗಳು ಅಪೂರ್ಣವೆಂದು ನಮೂದಿಸುವಂತೆ ಮೌಖಿಕವಾಗಿ ಸೂಚಿಸಿದ್ದು, ಹಿಂದಿನ ಟಿಪ್ಪಣಿಯನ್ನು ಅದರಂತೆ ಬರೆಯಲಾಗಿದೆ. ಕಡತವನ್ನು ಪುನಃ ಪರಿಶೀಲಿಸಲಾಗಿ, ಅಗತ್ಯ ದಾಖಲೆಗಳು ಪುಟ 14ರಿಂದ 31ರವರೆಗೆ ಲಭ್ಯವಿರುತ್ತವೆ. ಮುಂದಿನ ಲಿಖಿತ ಆದೇಶಕ್ಕಾಗಿ ಮಂಡಿಸಿದೆ.’

ಸಹಿ, ದಿನಾಂಕ. ಪುಟ ಸಂಖ್ಯೆ ನಿಮ್ಮ ಪತ್ರದಲ್ಲಿದ್ದದ್ದು, ಇನ್ನೊಮ್ಮೆ ನೋಡಿಕೊಳ್ಳಿ. ‘ಅನ್ಯಾಯ’, ‘ಒತ್ತಡ’ ಇಂಥ ಮಾತು ಒಂದೂ ಬೇಡ. ಅಧೀಕ್ಷಕರು ಒಳಗೆ ಕರೆದು ‘ಏನಮ್ಮ ಇದು, ತೆಗೆದು ಬೇರೆ ಬರೆದುಕೊಂಡು ಬಾ’ ಎನ್ನುತ್ತಾರೆ. ಆಗ ಹೇಳಬೇಕಾದದ್ದು: ‘ಸಾರ್, ಕೆಳಗೆ ನೀವು ಬರೆಯಿರಿ, ಅದರಂತೆ ಮಾಡುತ್ತೇನೆ.’ ದನಿ ಏರಿಸಬೇಡಿ, ಅಳಬೇಡಿ. ಮತ್ತೆ ಗದರಿದರೆ ಮತ್ತೆ ಅದೇ ವಾಕ್ಯ.

ಹುಡುಗನಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ನಿಮಗೆ ಕಾಟವೂ ಆಗಬಹುದು. ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ, ಯಾರಿಗೂ ಬೇಡದ ಶಾಖೆಗೆ ನಿಮ್ಮನ್ನು ಹಾಕುತ್ತಾರೆ. ಆದರೆ ನೀವು ಬೇರೆ ಶಾಖೆಗೆ ಹೋದರೂ ಆ ಕಂಡಿಕೆ ಕಡತದಲ್ಲೇ ಇರುತ್ತದೆ, ಮುಂದೆ ಬರುವವರು ಅದನ್ನು ದಾಟಿಯೇ ಬರೆಯಬೇಕು. ಅಂದ ಹಾಗೆ, ಕಡತದ ಟಿಪ್ಪಣಿಯ ಪ್ರತಿಯನ್ನೂ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಅರ್ಜಿ ಶುಲ್ಕ ಹತ್ತು ರೂಪಾಯಿ, ಮೂವತ್ತು ದಿನದಲ್ಲಿ ಉತ್ತರ ಬರಬೇಕು ಎಂದು ಸೋಮವಾರ ಬರುವ ಆ ತಾಯಿಗೆ ತಿಳಿಸುವುದು ಯಾವ ನಿಯಮದಲ್ಲೂ ಅಪರಾಧವಲ್ಲ.

ರಾಜೀನಾಮೆಯ ಪ್ರಶ್ನೆಗೆ ಈ ವಾರ ಉತ್ತರ ಕೊಡುವುದಿಲ್ಲ. ಕಂಡಿಕೆ ಬರೆದು ಕಡತ ಮಂಡಿಸಿ, ಅಧೀಕ್ಷಕರು ಕೆಳಗೆ ಏನು ಬರೆದರು ಎಂದು ತಿಳಿಸಿ. ಏನೂ ಬರೆಯದೆ ಇಟ್ಟುಕೊಂಡಿದ್ದರೆ, ಎಷ್ಟು ದಿನದಿಂದ ಎಂದು ತಿಳಿಸಿ.