ಓದುಗರ ಪ್ರಶ್ನೆ: ಅಜ್ಜಿಯ ಬಗ್ಗೆ ಏನು ಹೇಳಲಿ?

ಪ್ರಶ್ನೆ: ನಮ್ಮ ಅಜ್ಜಿ 93 ವರ್ಷ ಬಾಳಿದರು. ಬೆಳಗಿನ ಪ್ರಾರ್ಥನೆ ತಪ್ಪಿಸಿದವರಲ್ಲ, ಕೇಳಿದವರಿಗೆ ಇಲ್ಲ ಅಂದವರಲ್ಲ. ಮುಂದಿನ ತಿಂಗಳು ಅವರ ನೆನಪಿಗೆ ಮನೆಯವರೆಲ್ಲ ಸೇರುತ್ತಿದ್ದೇವೆ. ಹತ್ತು ನಿಮಿಷ ನಾನು ಮಾತಾಡಬೇಕು. ಏನು ಬರೆದರೂ ಯಾರ ಅಜ್ಜಿಗೆ ಬೇಕಾದರೂ ಹೊಂದುವ ಹಾಗಿದೆ. ಹೇಗೆ ಬರೆಯಲಿ?

ಉತ್ತರ: ಅಜ್ಜಿ ಪ್ರಾರ್ಥನೆ ತಪ್ಪಿಸುತ್ತಿರಲಿಲ್ಲ ಅಂದಿರಿ. ಯಾರಿಗಾಗಿ ಮಾಡುತ್ತಿದ್ದರು? ಅದನ್ನು ಬರೆಯಿರಿ. ನಮ್ಮ ಅಜ್ಜಿ ಪ್ರಾರ್ಥನೆ ಮುಗಿಸುವಾಗ ಒಬ್ಬೊಬ್ಬರ ಹೆಸರು ಹೇಳಿ ಒಳ್ಳೆಯದಾಗಲಿ ಅನ್ನುತ್ತಿದ್ದರು. ಮನೆಯವರ ಹೆಸರು ಬರುತ್ತಿದ್ದದ್ದು ಕಡೆಗೆ. ಮೊದಲು ಹೊರಗಿನವರು. ಅವರಲ್ಲಿ ತಾತನ ಮೇಲೆ ಜಮೀನಿನ ಕೇಸು ಹಾಕಿದ್ದವರೂ ಇದ್ದರು. "ಅವರ ಹೆಸರು ಯಾಕಜ್ಜಿ?" ಅಂತ ಕೇಳಿದ್ದೆ. "ಅವರಿಗೂ ಮಕ್ಕಳಿದ್ದಾರಲ್ಲ ಮಗು" ಅಂದರು. ಅಜ್ಜಿಯ ಭಕ್ತಿ ಎಂಥದ್ದು ಅಂತ ಯಾರಾದರೂ ಕೇಳಿದರೆ ನಾನು ಇದಿಷ್ಟನ್ನೇ ಹೇಳುತ್ತೇನೆ. ದಿನಕ್ಕೆ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದರು ಅನ್ನುವುದು ನನಗೆ ದೊಡ್ಡದಾಗಿ ಕಾಣುವುದಿಲ್ಲ.

ಇನ್ನು ಅವರ ಕೊಡುಗೈ. ಇದರ ಬಗ್ಗೆ ಮನೆಯವರಿಗೆ ಗೊತ್ತಿರುವುದು ಕಡಿಮೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಬದುಕಿದವರಾದರೆ ಇನ್ನೂ ಕಡಿಮೆ. ಹಾಗಾಗಿ ಹೊರಗಿನವರನ್ನು ಹುಡುಕಿ. ಮನೆಗೆಲಸಕ್ಕೆ ಬರುತ್ತಿದ್ದವರು, ಪಕ್ಕದಲ್ಲಿ ಬಾಡಿಗೆಗೆ ಇದ್ದು ಹೋದವರು, ದೂರದ ನೆಂಟರ ಮಕ್ಕಳು. "ಅಜ್ಜಿ ನಿಮಗೆ ಏನು ಕೊಟ್ಟಿದ್ದರು?" ಅಂತ ಕೇಳಬೇಡಿ, ಮುಜುಗರ ಆಗುತ್ತದೆ. "ಅಜ್ಜಿಯನ್ನು ಮೊದಲ ಸಲ ನೋಡಿದ್ದು ಯಾವಾಗ?" ಅಂತ ಕೇಳಿ ಸುಮ್ನೆ ಕೂತುಬಿಡಿ. ಉಳಿದದ್ದು ತಾನಾಗಿ ಬರುತ್ತದೆ. ಕೈಯಲ್ಲಿ ಕಾಸಿಲ್ಲದ ದಿನ ಯಾರಾದರೂ ಬಂದರೆ ಅಜ್ಜಿ ಏನು ಮಾಡುತ್ತಿದ್ದರು ಅಂತಲೂ ತಿಳಿದುಕೊಳ್ಳಿ. ಮಿಕ್ಕಿದ್ದನ್ನು ಕೊಡುವುದು ಬೇರೆ, ತನಗೇ ಬೇಕಾಗಿದ್ದನ್ನು ಕೊಡುವುದು ಬೇರೆ ಅಲ್ವಾ?

ಆದರೆ ಯಾರದೋ ಫೀಸು ಕಟ್ಟಿದ್ದರು, ಯಾರದೋ ಸಾಲ ತೀರಿಸಿದ್ದರು ಅಂತ ಗೊತ್ತಾದರೆ, ಅವರನ್ನು ಕೇಳದೆ ಎಲ್ಲರ ಮುಂದೆ ಹೆಸರು ಹೇಳಬೇಡಿ. ಅಜ್ಜಿ ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಅವರ ಮಾನವನ್ನೂ ಹೌದು. ನಾನೇ ಎದ್ದು ಹೇಳುತ್ತೇನೆ ಅಂತ ಅವರು ಅಂದರೆ, ನಿಮ್ಮ ಹತ್ತು ನಿಮಿಷದಲ್ಲಿ ಅವರಿಗೂ ಜಾಗ ಬಿಡಿ. ನೀವು ಎರಡು ಮೂರು ಪ್ರಸಂಗ ಹೇಳಿದರೆ ಸಾಕು.

ಇಸವಿಗಳಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೇಕೇ ಬೇಕಾದರೆ ಎಲ್ಲರಿಗೂ ಗೊತ್ತಿರುವ ಒಂದು ಘಟನೆ ಹಿಡಿಯಿರಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ಬಂದಾಗ ಅಜ್ಜಿ ಯಾವ ಮನೆಯಲ್ಲಿದ್ದರು, ಯಾವ ಮಗು ಕಂಕುಳಲ್ಲಿತ್ತು ಅಂತ ಆ ಕಾಲದವರನ್ನು ಕೇಳಿ. ಅದು 1969ರ ಜುಲೈ. ಅಲ್ಲಿಂದ ಹಿಂದೆ ಮುಂದೆ ಎಣಿಸುತ್ತಾ ಹೋಗಬಹುದು.

ಪ್ರಶ್ನೆ: ಇದೇ ಓದುಗರು ಇನ್ನೊಂದು ಮಾತು ಕೇಳಿದ್ದಾರೆ. ಅಜ್ಜಿಗೆ ಸಿಟ್ಟೂ ಇತ್ತು, ಸೊಸೆಯರು ಹೆದರುತ್ತಿದ್ದರು. ಅದನ್ನು ಎತ್ತಬೇಡ ಅನ್ನುತ್ತಾರೆ ದೊಡ್ಡಪ್ಪ.

ಉತ್ತರ: ದೊಡ್ಡಪ್ಪ ಮಗ. ಆ ಸಿಟ್ಟನ್ನು ಸಹಿಸಿದವರು ನಿಮ್ಮ ಅಮ್ಮ, ದೊಡ್ಡಮ್ಮ. ಅವರನ್ನು ಕೇಳಿ. ಅವರು ಬೇಡ ಅಂದರೆ ಬೇಡ. ಒಪ್ಪಿದರೆ ಹೇಳಿ. ಅಷ್ಟು ದೊಡ್ಡ ಸಂಸಾರ ನಡೆಸಿದವರು ಒಮ್ಮೆಯೂ ರೇಗಲಿಲ್ಲ ಅಂದರೆ ಎದುರಿಗೆ ಕೂತವರು ನಂಬುವುದಿಲ್ಲ. ಆಮೇಲೆ ನೀವು ಹೇಳುವ ಒಳ್ಳೆಯದನ್ನೂ ಅರ್ಧವೇ ನಂಬುತ್ತಾರೆ.

ಪ್ರಶ್ನೆ: ನಮ್ಮ ಸೋದರತ್ತೆಗೆ 88 ವರ್ಷ. ಇಡೀ ಮನೆತನವನ್ನು ಸಾಕಿದವರು. ಈಗೀಗ ಹೇಳಿದ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಅದೂ ಬರೀ ಹರೆಯದ ದಿನಗಳದ್ದು. ರೆಕಾರ್ಡ್ ಮಾಡಿ ಪ್ರಯೋಜನ ಇದೆಯಾ?

ಉತ್ತರ: ಖಂಡಿತ ಇದೆ. ಈ ವಾರವೇ ಶುರು ಮಾಡಿ. ಹಳೆಯದನ್ನು ಮತ್ತೆ ಮತ್ತೆ ಹೇಳುವುದನ್ನು ಜನ ಅರಳುಮರಳು ಅಂದುಬಿಡುತ್ತಾರೆ. ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು ಇದನ್ನು 1963ರಲ್ಲೇ ಅಲ್ಲಗಳೆದಿದ್ದರು. ವಯಸ್ಸಾದವರು ತಮ್ಮ ಬದುಕನ್ನು ತಿರುಗಿ ನೋಡುವುದು ಸಹಜ, ಬೇಕಾದದ್ದು ಅಂತ ಬರೆದರು. ಹರೆಯದ ಕಥೆಗಳೇ ಬರುವುದಕ್ಕೂ ಕಾರಣವಿದೆ. ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳೇ ಹಿರಿಯರಿಗೆ ಹೆಚ್ಚಾಗಿ ಬರುತ್ತವೆ ಎಂದು ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ನೀವಂತೂ ಆ ವಯಸ್ಸಿನ ಅತ್ತೆಯನ್ನು ನೋಡೇ ಇಲ್ಲ. ಅವರು ಹೇಳದಿದ್ದರೆ ಇನ್ಯಾರು ಹೇಳಬೇಕು? (ದಿನನಿತ್ಯದ ಕೆಲಸ, ಹತ್ತಿರದವರ ಮುಖ ಮರೆಯುತ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.)

"ರೆಕಾರ್ಡ್ ಮಾಡಲಾ ಅತ್ತೆ?" ಅಂತ ಮೊದಲು ಕೇಳಿ. ಅವರು ಗೆಲುವಾಗಿರುವ ಹೊತ್ತು ನೋಡಿ, ಟೀವಿ, ಫ್ಯಾನು ಆರಿಸಿ, ಫೋನು ಅವರ ಹತ್ತಿರ ಇಡಿ. ಅರ್ಧ ಗಂಟೆಗಿಂತ ಜಾಸ್ತಿ ಬೇಡ, ದಣಿಯುತ್ತಾರೆ. ಕೇಳಿದ ಕಥೆಯೇ ಬಂದರೆ ತಡೆಯಬೇಡಿ, "ಆಗ ನಿಮ್ಮ ಜೊತೆ ಇನ್ಯಾರಿದ್ದರು?" ಅಂತ ಕೇಳಿ. ಹಳೆ ಫೋಟೊ ಕೈಗೆ ಕೊಟ್ಟರೆ ಹೊಸ ಹೆಸರುಗಳೂ ಹೊರಗೆ ಬರುತ್ತವೆ. ಅವನ್ನು ಫೋಟೊದ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಭಾಗಕ್ಕೆ ಅಚ್ಚು ಮೂಡುತ್ತದೆ. ರೆಕಾರ್ಡಿಂಗನ್ನು ಒಂದೇ ಫೋನಿನಲ್ಲಿ ಬಿಡಬೇಡಿ. ಅವತ್ತೇ ಇನ್ನೆರಡು ಕಡೆ ಕಾಪಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿರುವವರಿಗೆ ಕೊಡಿ.