ಮರಳಿನೊಳಗೆ ಮೂರು ತಿಂಗಳು

ಪ್ರಶ್ನೆ: ನನ್ನ ಮಗಳು ಆಮ್‌ಸ್ಟರ್‌ಡ್ಯಾಂನಲ್ಲಿದ್ದಾಳೆ. ಅಲ್ಲಿ ರೈನ್ ನದಿಯ ನೀರನ್ನು ನೇರವಾಗಿ ನಲ್ಲಿಗೆ ಬಿಡದೆ, ಮೊದಲು ಸಮುದ್ರದಂಡೆಯ ಮರಳುಗುಡ್ಡಗಳಲ್ಲಿ ಇಂಗಿಸಿ, ಆಮೇಲೆ ತೆಗೆದು ಕೊಡುತ್ತಾರೆಂದು ಹೇಳುತ್ತಾಳೆ. ಹೊಳೆ ಬತ್ತದ ನಾಡಿಗೆ ಈ ಸುತ್ತುದಾರಿ ಏಕೆ? ಕಾವೇರಿಯ ನೆರೆನೀರನ್ನು ಬೆಂಗಳೂರಿಗಾಗಿ ಹೀಗೆಯೇ ನೆಲದೊಳಗೆ ಕೂಡಿಡಲಾಗದೇ?
– ನಿವೃತ್ತ ಶಿಕ್ಷಕರೊಬ್ಬರು, ಮಧುಗಿರಿ

ಉತ್ತರ: ತಮ್ಮ ಮಗಳು ಹೇಳಿದ್ದು ನಿಜ. ಆ ನಗರದ ನೀರಿನಲ್ಲಿ ಸುಮಾರು ಮೂರನೇ ಎರಡು ಪಾಲು ಮರಳುಗುಡ್ಡಗಳನ್ನು ಹಾದೇ ಬರುತ್ತದೆ. ಈ ಸುತ್ತುದಾರಿ ಅವರಿಗೆ ಅನಿವಾರ್ಯವಾದದ್ದು ಹಿಂದೆ ಮಾಡಿದ ಒಂದು ತಪ್ಪಿನಿಂದ.

ಒಂದು ಕಾಲದಲ್ಲಿ ಆಮ್‌ಸ್ಟರ್‌ಡ್ಯಾಂನ ಕಾಲುವೆಗಳ ನೀರು ಬಾಯಿಗಿಡುವಂತಿರಲಿಲ್ಲ. ವೆಖ್ಟ್ ನದಿಯಿಂದ ದೋಣಿಗಳಲ್ಲಿ ನೀರು ತಂದು ಮಾರುತ್ತಿದ್ದರು. 1853ರ ಡಿಸೆಂಬರಿನಲ್ಲಿ ಕರಾವಳಿಯ ಮರಳುಗುಡ್ಡಗಳಿಂದ ಕೊಳವೆಯ ಮೂಲಕ ನೀರು ಊರಬಾಗಿಲಿಗೆ ಬಂದು, ಬಕೆಟ್ಟಿಗೆ ಒಂದು ಸೆಂಟಿನಂತೆ ಬಿಕರಿಯಾಯಿತು. ಅದು ಅಪ್ಪಟ ಮಳೆನೀರು. ಮರಳಿಗಿಳಿದ ಸಿಹಿನೀರು ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಕ್ಕೆ ಸಿಹಿನೀರಿದ್ದರೆ, ಅದರಡಿಯಲ್ಲಿ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರೇ ಇರುತ್ತದೆಂಬುದು ಸ್ಥೂಲ ಲೆಕ್ಕ. ಆದರೆ ಮೇಲಿನ ಮಟ್ಟ ಒಂದು ಮೀಟರ್ ಇಳಿದರೆ ಕೆಳಗಿನ ಉಪ್ಪು ಅಷ್ಟೇ 40 ಮೀಟರ್ ಮೇಲೇರಲು ತೊಡಗುತ್ತದೆ. ಊರು ಬೆಳೆದು, ಮಳೆ ಕೊಟ್ಟದ್ದಕ್ಕಿಂತ ಹೆಚ್ಚು ನೀರನ್ನು ಎತ್ತತೊಡಗಿದಾಗ ಆದದ್ದೂ ಅದೇ. ಕೊಳವೆಬಾವಿಯನ್ನು ವರ್ಷವರ್ಷವೂ ಇನ್ನಷ್ಟು ಆಳಕ್ಕಿಳಿಸುವ ನಮಗೆ ಈ ಕತೆ ಹೊಸದೇನಲ್ಲ.

ಹಾಗಾಗಿ 1957ರಿಂದ ರೈನ್ ನದಿಯ ನೀರನ್ನು ಉಟ್ರೆಕ್ಟ್ ನಗರದ ದಕ್ಷಿಣಕ್ಕೆ ಎತ್ತಿ, ಹೂಳನ್ನು ಸೋಸಿ, 50 ಕಿಲೋಮೀಟರಿಗೂ ಹೆಚ್ಚು ದೂರ ಕೊಳವೆಯಲ್ಲಿ ಸಾಗಿಸಿ, ಸುಮಾರು 3,400 ಹೆಕ್ಟೇರ್ ಮರಳುಗುಡ್ಡ ಪ್ರದೇಶದಲ್ಲಿ ತೋಡಿರುವ ಸುಮಾರು 40 ಉದ್ದನೆಯ ಹೊಂಡಗಳಿಗೆ ಬಿಡುತ್ತಿದ್ದಾರೆ. ಮೊದಲೇ ಸೋಸುವುದು ಶುಚಿಗಾಗಿ ಮಾತ್ರವಲ್ಲ. ಕೆಸರುನೀರನ್ನು ಬಿಟ್ಟರೆ ಹೊಂಡದ ತಳದಲ್ಲಿ ಕೆನೆಗಟ್ಟಿದಂತೆ ಜೇಡಿಯ ಪದರ ಕೂತು, ನೀರು ಇಂಗುವುದೇ ನಿಂತುಹೋಗುತ್ತದೆ. ಹೊಂಡದಿಂದ ಇಳಿದ ನೀರು ಮರಳಿನ ಕಣಗಳ ನಡುವೆ ಎರಡು–ಮೂರು ತಿಂಗಳು ನಿಧಾನವಾಗಿ ಸರಿದು, ಆಚೆ ಬದಿಯ ಕಾಲುವೆಗಳಿಗೂ ತೂತುಕೊಳವೆಗಳಿಗೂ ಬಂದು ಸೇರುವಷ್ಟರಲ್ಲಿ ರೋಗಾಣುಗಳು ಬಹುಮಟ್ಟಿಗೆ ಸತ್ತಿರುತ್ತವೆ. ಆ ಬಳಿಕ ಓಝೋನ್, ಗಡಸು ತೆಗೆಯುವಿಕೆ, ಇದ್ದಿಲು, ಮತ್ತೊಮ್ಮೆ ಮರಳು ಎಂದು ಹಲವು ಹಂತಗಳಿವೆ. ಆದರೂ ಮನೆಗೆ ಬರುವ ನೀರಿಗೆ ಕ್ಲೋರಿನ್ ಬೆರೆಸುವುದಿಲ್ಲ. ತಾವು ಅಲ್ಲಿಗೆ ಹೋದಾಗ ಒಂದು ಲೋಟ ಕುಡಿದು ನೋಡಿ, ನಮ್ಮ ನಲ್ಲಿಯ ವಾಸನೆ ಇರದು.

ಇದರ ದೊಡ್ಡ ಪ್ರಯೋಜನ ಮಾತ್ರ ಬೇರೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿಯ ರಾಸಾಯನಿಕ ಗೋದಾಮೊಂದಕ್ಕೆ ಬೆಂಕಿ ಬಿದ್ದು, ಆರಿಸಲು ಹಾಯಿಸಿದ ನೀರಿನೊಡನೆ ಕೀಟನಾಶಕಗಳು ರೈನ್ ನದಿಗೆ ಹರಿದು, ನೀರು ಕೆಂಪಾಯಿತು, ಹಾವುಮೀನುಗಳು ರಾಶಿರಾಶಿಯಾಗಿ ಸತ್ತವು. ವಿಷ ಕೆಳಗಿಳಿದು ಬರುತ್ತಿರುವಾಗ ನೆದರ್ಲೆಂಡಿನ ನೀರು ಸರಬರಾಜು ಸಂಸ್ಥೆಗಳು ನದಿಯಿಂದ ನೀರೆತ್ತುವುದನ್ನು ನಿಲ್ಲಿಸಿದವು. ನದಿಯ ಬಾಗಿಲನ್ನು ಹೀಗೆ ಕೆಲಕಾಲ ಮುಚ್ಚಿಕೊಂಡು ಕೂರಬಲ್ಲ ಧೈರ್ಯ ಬರುವುದು ಮರಳಿನೊಳಗಿನ ದಾಸ್ತಾನಿನಿಂದಲೇ. ಇದಕ್ಕೆ ಬೆಲೆಯೂ ತೆರಬೇಕಾಯಿತು. ನದಿನೀರಿನೊಡನೆ ಬಂದ ಪೋಷಕಾಂಶಗಳಿಂದ ಹೊಂಡಗಳ ಸುತ್ತ ತುರಿಕೆಗಿಡಗಳು ಹಬ್ಬಿ, ಬಡ ಮರಳಿನಲ್ಲಷ್ಟೇ ಬದುಕಬಲ್ಲ ಸಣ್ಣ ಗಿಡಗಳು ಹಿಂದೆ ಸರಿದವು.

ಇನ್ನು ಬೆಂಗಳೂರು. ಅದರ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ (gneiss) ಎಂಬ ಗಟ್ಟಿ ಬಂಡೆ. ಒಂದು ಹೆಕ್ಟೇರ್ ಅಗಲ, ಹತ್ತು ಮೀಟರ್ ದಪ್ಪದ ಮರಳಿನಿಂದ, ಅದರ ಗಾತ್ರದ ಐದನೇ ಒಂದು ಪಾಲು ನೀರು ಬಿಟ್ಟುಕೊಡುತ್ತದೆಂದರೂ, ಎರಡು ಕೋಟಿ ಲೀಟರ್ ಸಿಗುತ್ತದೆ. ಅಷ್ಟೇ ಗಾತ್ರದ ಶಿಥಿಲ ಬಂಡೆ ಬಿಟ್ಟುಕೊಡುವುದು ನೂರಕ್ಕೆ ಎರಡರ ಆಸುಪಾಸು, ಅಂದರೆ ಇಪ್ಪತ್ತು ಲಕ್ಷ ಲೀಟರ್. ಅದೂ ಬಿರುಕು ಎತ್ತ ಸಾಗಿದೆಯೋ ಅತ್ತ ಹೋಗುವ ನೀರು. ನಾವು ಇಲ್ಲಿ ಇಂಗಿಸಿದ್ದು ಅಲ್ಲೆಲ್ಲೋ ಯಾರದೋ ಕೊಳವೆಬಾವಿಯಲ್ಲಿ ಎದ್ದೀತು. ಅಂತರ್ಜಲ ಏರಿತೆಂದು ಸಂತೋಷಪಡಬಹುದೇ ಹೊರತು, ಬೇಕಾದಾಗ ತೆಗೆಯುವ ಠೇವಣಿಯೆಂದು ನಗರವು ಅದನ್ನು ನಂಬುವಂತಿಲ್ಲ.

ಕಾವೇರಿಯ ನೆರೆನೀರಿಗೆ ಇನ್ನೊಂದು ತೊಡಕಿದೆ. ಬೆಂಗಳೂರಿಗೆ ಆ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ. ನೆರೆ ಬರುವ ಕೆಲವು ವಾರಗಳಿಗೆಂದೇ ಬೇರೆ ಪಂಪು, ಬೇರೆ ಕೊಳವೆ ಹಾಕಿ, ಉಳಿದ ತಿಂಗಳು ಅವನ್ನು ಸುಮ್ಮನೆ ಇಡಬೇಕಾಗುತ್ತದೆ. ಕೆಂಪಗೆ ಹರಿಯುವ ಆ ನೀರನ್ನು ಸೋಸದೆ ಇಂಗಿಸುವಂತೆಯೂ ಇಲ್ಲ. ಕೋಲಾರದ ಕೆರೆಗಳಿಗೆ 2018ರಿಂದ ಹರಿಸುತ್ತಿರುವ ನೀರಿನ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು, ಉದ್ದೇಶ ಕೆರೆ ತುಂಬಿ ಸುತ್ತಲಿನ ಅಂತರ್ಜಲ ಏರಿಸುವುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ತಮ್ಮ ಊರಿನ ಕಡೆ ಮಾತ್ರ ಆಮ್‌ಸ್ಟರ್‌ಡ್ಯಾಂನಂಥದ್ದೇ ಏರ್ಪಾಡು ಪುಟ್ಟ ಪ್ರಮಾಣದಲ್ಲಿತ್ತು. ಜಯಮಂಗಲಿ, ಉತ್ತರ ಪಿನಾಕಿನಿಗಳ ಬಯಲಿನಲ್ಲಿ ಹೊಳೆ ಒಣಗಿದ ಮೇಲೂ ಮರಳು ಬಗೆದರೆ ಒಸರುತ್ತಿದ್ದ ತಲಪರಿಗೆಯ ನೀರನ್ನು ತಾವೇ ಕುಡಿದಿರಲಿಕ್ಕೂ ಸಾಕು. ಮಳೆಗಾಲದ ಹೊಳೆಯನ್ನು ಮರಳು ತನ್ನೊಳಗೆ ಹಿಡಿದಿಟ್ಟು ಬೇಸಗೆಗೆ ಕೊಡುತ್ತಿತ್ತು, ಬಿಸಿಲಿಗೆ ಆವಿಯಾಗಲೂ ಬಿಡುತ್ತಿರಲಿಲ್ಲ. ಆ ಮರಳನ್ನು ಲಾರಿಗಳಲ್ಲಿ ಹೇರಿ ಕಟ್ಟಡಗಳಿಗೆ ಸಾಗಿಸಿದೆಡೆಯಲ್ಲೆಲ್ಲ ಈಗ ಹೊಳೆಯ ತಳದಲ್ಲಿ ಕಾಣುವುದು ಬರಿಯ ಜೇಡಿ ಮತ್ತು ಬಂಡೆ. ಮಳೆ ಬಂದ ದಿನ ಅಲ್ಲಿ ನೀರು ಹರಿಯುತ್ತದೆ, ಮರುವಾರ ಇರುವುದಿಲ್ಲ.