ಐದು ವರ್ಷದ ಮಗುವಿಗೆ ಸ್ವಂತ ಕ್ಯಾಮೆರಾ ಕೊಡಿಸಬಹುದಾ? ಯಾವುದು ಕೊಡಿಸಲಿ?

ನಿಮ್ಮ ಮಗನಿಗೆ ಐದೂವರೆ ವರ್ಷ, ಸದಾ ನಿಮ್ಮ ಫೋನ್ ಕಿತ್ತುಕೊಂಡು ಫೋಟೋ ತೆಗೆಯುತ್ತಾನೆ, ಅವನಿಗೇ ಒಂದು ಕ್ಯಾಮೆರಾ ಕೊಡಿಸಿದರೆ ದುಡ್ಡು ದಂಡ ಆಗುತ್ತಾ, ಬೀಳಿಸಿದರೆ ಏನು ಮಾಡೋದು, ಏನೇನು ಹೇಳಿಕೊಡಬೇಕು ಅಂತ ಕೇಳಿದ್ದೀರಿ. ಧೈರ್ಯವಾಗಿ ಕೊಡಿಸಿ. ಆದರೆ ಹೊಸದು ಬೇಡ, ಆಟಿಕೆ ಕ್ಯಾಮೆರಾ ಅಂತೂ ಬೇಡವೇ ಬೇಡ. ಹೇಳಿಕೊಡೋದು ಬಹಳ ಏನಿಲ್ಲ. ನಮ್ಮ ಬಾಯಿ ಹಿಡಿದುಕೊಳ್ಳೋದೇ ಕಷ್ಟ, ಅದನ್ನ ನಾನು ಪೆಟ್ಟು ತಿಂದು ಕಲಿತಿದ್ದೇನೆ.

ನಮ್ಮದು ದಾವಣಗೆರೆ. ಅಪ್ಪಾಜಿ ಇಲ್ಲಿ ಸುಮಾರು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವರು. ನಾನು ಬೆಳೆದಿದ್ದೇ ಡಾರ್ಕ್ ರೂಮಿನಲ್ಲಿ ಫೋಟೋ ತೊಳೆಯೋಕೆ ಬಳಸೋ ಹೈಪೋ ದ್ರಾವಣದ ವಾಸನೆ ಕುಡಿದು. ಆದರೂ ಎಸ್ಸೆಸ್ಸೆಲ್ಸಿ ಮುಗಿಯೋವರೆಗೂ ನನ್ನ ಕೈಗೆ ಕ್ಯಾಮೆರಾ ಬರಲಿಲ್ಲ. ಅವರನ್ನ ದೂರೋ ಹಾಗಿಲ್ಲ. ಒಂದು ಫಿಲ್ಮ್ ರೋಲಿಗೆ 36 ಫೋಟೋ, ಅಷ್ಟೂ ಗಿರಾಕಿಗಳ ದುಡ್ಡು, ಒಂದು ಧಾರೆ ಫೋಟೋ ಹಾಳಾದರೆ ಹೆಣ್ಣಿನ ಕಡೆಯವರ ಹತ್ತಿರ ವರ್ಷಗಟ್ಟಲೆ ಮಾತು ಕೇಳಬೇಕು. ಈಗ ನನ್ನ ಮಗಳು ಒಂದು ಮಧ್ಯಾಹ್ನದಲ್ಲಿ ತಿರುಗೋ ಫ್ಯಾನನ್ನೇ ಎಂಬತ್ತು ಸಲ ತೆಗೆದರೂ ಕರೆಂಟು ಬಿಟ್ಟರೆ ಏನೂ ಖರ್ಚಿಲ್ಲ. ತೆಗೀಲಿ ಬಿಡಿ.

ಮಕ್ಕಳಿಗೆ ಕ್ಯಾಮೆರಾ ಅನ್ನೋದು ಈಗಿನ ಹುಚ್ಚೂ ಅಲ್ಲ. ಕೊಡಾಕ್ ಕಂಪನಿ 1900ರಲ್ಲೇ ಬ್ರೌನಿ ಅಂತ ರಟ್ಟಿನ ಡಬ್ಬಿ ಕ್ಯಾಮೆರಾ ಬಿಟ್ಟಿತ್ತು, ಬೆಲೆ ಒಂದು ಡಾಲರ್, ಮಾರಿದ್ದೇ ಮಕ್ಕಳನ್ನ ಮುಂದಿಟ್ಟುಕೊಂಡು. ಫ್ರಾನ್ಸಿನ ಲಾರ್ಟಿಗ್ ಅನ್ನೋ ಫೋಟೋಗ್ರಾಫರ್‌ಗೆ ಅವರಪ್ಪ ಏಳೆಂಟು ವರ್ಷಕ್ಕೇ ಕ್ಯಾಮೆರಾ ಕೊಟ್ಟಿದ್ದರು. ಅವನ ಸಂಬಂಧಿ ಹುಡುಗಿ ಮೆಟ್ಟಿಲ ಮೇಲಿಂದ ಹಾರಿ ಗಾಳಿಯಲ್ಲಿರುವ ಒಂದು ಫೋಟೋ ಇದೆ, 1905ರದ್ದು. ಆಗ ಅವನಿಗೆ ಹನ್ನೊಂದು. ದೊಡ್ಡವರಾಗಿದ್ದರೆ ಆ ಹುಡುಗಿಯನ್ನ ಮೆಟ್ಟಿಲ ಮೇಲೆ ಕೂರಿಸಿ, ತಲೆ ಬಾಚಿಸಿ, ನಗು ಅಂತಿದ್ದರು ಅಲ್ವಾ.

ಇನ್ನು ಯಾವ ಕ್ಯಾಮೆರಾ ಅನ್ನೋದು. ನಾನು ಮೊದಲು ಆನ್‌ಲೈನಲ್ಲಿ ಗುಲಾಬಿ ಬಣ್ಣದ, ಬೆಕ್ಕಿನ ಕಿವಿ ಇರೋ ಒಂದು ತರಿಸಿದೆ. ಡಬ್ಬಿ ಮೇಲೆ 48 ಮೆಗಾಪಿಕ್ಸೆಲ್ ಅಂತ ಬರೆದಿತ್ತು. ಸುಳ್ಳು. ಒಳಗಿರೋದು ಸಾಸಿವೆ ಕಾಳಿನಷ್ಟು ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡೋ ಭಾಗ), ಅದು ಕೊಟ್ಟ ಚಿತ್ರವನ್ನ ಎಳೆದು ದೊಡ್ಡದು ಮಾಡಿ ಲೆಕ್ಕ ತೋರಿಸುತ್ತಾರೆ ಅಷ್ಟೇ. ಮನೆಯೊಳಗೆ ತೆಗೆದರೆ ಎಲ್ಲರೂ ಹೊಗೆಯಲ್ಲಿ ನಿಂತ ಹಾಗೆ ಕಾಣುತ್ತಿದ್ದರು. ಸಾಲದ್ದಕ್ಕೆ ಅದರಲ್ಲಿ ಐದು ಗೇಮ್ ಬೇರೆ. ಎರಡೇ ದಿನಕ್ಕೆ ಮಗಳು ಫೋಟೋ ಬಿಟ್ಟು ಹಾವಿನ ಗೇಮ್ ಆಡ್ತಾ ಕೂತಳು. ಫೋನ್ ಬೇಡ ಅಂತ ತಾನೇ ಇದನ್ನ ತಂದಿದ್ದು?

ಆಮೇಲೆ ಬೀರುವಿನಲ್ಲಿ ಬಿದ್ದಿದ್ದ ನಮ್ಮ ಹಳೇ ಡಿಜಿಟಲ್ ಕ್ಯಾಮೆರಾ ಹುಡುಕಿ ಕೊಟ್ಟೆ, ಪೆನ್ಸಿಲ್ ಸೆಲ್ ಹಾಕೋದು, ಜೇಬಿಗೆ ಹಿಡಿಯೋದು. ಇಂಥದ್ದು ನಿಮ್ಮ ಮನೆಯಲ್ಲೋ ಅಣ್ಣನ ಮನೆಯಲ್ಲೋ ಖಂಡಿತ ಇರುತ್ತೆ, ಕೇಳಿ ನೋಡಿ. ಕೊಡುವ ಮೊದಲು ಸೆಲ್ ಡಬ್ಬಿ ತೆಗೆದು ನೋಡಿ, ಹಳೇ ಸೆಲ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಒರೆಸಬೇಕು. ಲಿಥಿಯಂ ಬ್ಯಾಟರಿಯದ್ದಾಗಿ ಅದು ಉಬ್ಬಿದ್ದರೆ ಮಗುವಿನ ಕೈಗೆ ಕೊಡಲೇಬೇಡಿ. ಇನ್ನೊಂದು, ಕಾರ್ಡು. 2006ಕ್ಕಿಂತ ಹಿಂದಿನ ಕ್ಯಾಮೆರಾ ಆದರೆ ಈಗ ಅಂಗಡಿಯಲ್ಲಿ ಸಿಗೋ 32 ಜಿಬಿ ಕಾರ್ಡ್ ಅದಕ್ಕೆ ಓದೋಕೇ ಬರಲ್ಲ, 2 ಜಿಬಿ ಒಳಗಿನ ಹಳೇ ಎಸ್‌ಡಿ ಕಾರ್ಡೇ ಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೇ ಕ್ಯಾಮೆರಾ ಕೆಟ್ಟಿದೆ ಅಂತ ಗುಜರಿಗೆ ಹಾಕಿದ್ದನ್ನ ನೋಡಿದ್ದೇನೆ. ತಕ್ಷಣ ಪ್ರಿಂಟ್ ಬರೋ ಕ್ಯಾಮೆರಾ ಕೊಡಿಸೋಣ ಅಂತಲೂ ಅನ್ನಿಸಬಹುದು. ಚೆನ್ನಾಗಿರುತ್ತೆ, ಆದರೆ ಒಂದೊಂದು ಹಾಳೆಗೂ ದುಡ್ಡು, ಒಂದೊಂದು ಫೋಟೋಗೂ ನಿಮ್ಮ ಎದೆ ಧಸಕ್ ಅನ್ನುತ್ತೆ, ಆ ಮುಖ ಮಗುವಿಗೆ ಕಾಣುತ್ತೆ.

ನಾನು ಹೇಳಿಕೊಟ್ಟಿದ್ದು ನಾಲ್ಕೈದೇ ಮಾತು. ದಾರ ಕೈಗೆ ಹಾಕಿಕೊಂಡ ಮೇಲೇ ಆನ್ ಮಾಡಬೇಕು. ಕುತ್ತಿಗೆಗೆ ಹಾಕೋ ಉದ್ದ ದಾರ ಚಿಕ್ಕ ಮಕ್ಕಳಿಗೆ ಬೇಡ, ಎಲ್ಲಾದರೂ ಸಿಕ್ಕಿಕೊಳ್ಳುತ್ತೆ. ಮೊಣಕೈ ಹೊಟ್ಟೆಗೆ ಒತ್ತಿ ಹಿಡಿ. ಗುಂಡಿ ಅರ್ಧ ಒತ್ತು, ಪೀಂ ಅಂದ ಮೇಲೆ ಪೂರ್ತಿ ಒತ್ತು. ಇದು ಅವಳಿಗೆ ಎಷ್ಟು ಹಿಡಿಸಿತು ಅಂದರೆ ಒಂದು ವಾರ ಬರೀ ಪೀಂ ಅನ್ನಿಸ್ತಾನೇ ಓಡಾಡಿದಳು. ಪುಟ್ಟ ತಮ್ಮನ ಮುಖದ ಹತ್ತಿರ ಫ್ಲ್ಯಾಶ್ ಹೊಡೀಬಾರದು, ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡೋ ಕಿಂಡಿ ಇದ್ದರೆ ಅದರಲ್ಲಿ ಸೂರ್ಯನನ್ನ ನೋಡಲೇಬಾರದು. ಅಂದ ಹಾಗೆ ಈ ವಯಸ್ಸಿನ ಬಹಳ ಮಕ್ಕಳಿಗೆ ಒಂದೇ ಕಣ್ಣು ಮುಚ್ಚೋಕೆ ಬರಲ್ಲ. ಹಾಗಾಗಿ ಹಿಂದೆ ಸ್ಕ್ರೀನ್ ಇರೋದೇ ಸರಿ.

ಈಗ ಪೆಟ್ಟು ತಿಂದ ಕಥೆ. ಮೊದಲ ತಿಂಗಳಲ್ಲಿ ಅವಳು ಅಡುಗೆಮನೆಯಲ್ಲಿ ಅಜ್ಜಿ ಫೋಟೋ ತೆಗೆದು ತಂದು ತೋರಿಸಿದಳು. ಅಜ್ಜಿಗೆ ತಲೆಯೇ ಇಲ್ಲ. ಕುತ್ತಿಗೆಯಿಂದ ಕೆಳಗೆ ಸೀರೆ, ಎರಡು ಕೈ, ಕಲ್ಲಿನ ಮೇಲೆ ಅರ್ಧ ತಟ್ಟಿದ ಜೋಳದ ರೊಟ್ಟಿ. ಸ್ಟುಡಿಯೋ ಮನೆಯಲ್ಲಿ ಹುಟ್ಟಿದವನು ನಾನು, ಬಾಯಿ ಸುಮ್ಮನಿರುತ್ತಾ? 'ತಲೆ ಎಲ್ಲೋಯ್ತೇ? ಸ್ವಲ್ಪ ಹಿಂದೆ ಸರಿದು ತೆಗೀಬೇಕು' ಅಂದೆ. ಮಾತಾಡದೆ ಕ್ಯಾಮೆರಾ ಆಫ್ ಮಾಡಿ ಒಳಗೆ ಹೋದಳು. ಮೂರು ವಾರ ಅದು ಟೀವಿ ಕೆಳಗಿನ ಡ್ರಾದಿಂದ ಹೊರಗೆ ಬರಲಿಲ್ಲ.

ಅದನ್ನ ಹೊರಗೆ ತೆಗೆದಿದ್ದು ನಮ್ಮಪ್ಪಾಜಿ, ನನಗೆ ಕ್ಯಾಮೆರಾ ಮುಟ್ಟೋಕೂ ಬಿಡದಿದ್ದ ಅದೇ ಮನುಷ್ಯ. ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೋ ನೋಡ್ತಾ ಆ ರೊಟ್ಟಿ ಫೋಟೋಗೆ ಬಂದು ನಿಂತರು. 'ಇದನ್ನ ಯಾಕೆ ತೆಗೆದೆ, ಹೇಳವ್ವ' ಅಂದರು. 'ಅಜ್ಜಿ ಬಳೆ ಹಿಟ್ಟಾಗಿದೆ ನೋಡು ತಾತ' ಅಂದಳು. ನಾನೂ ಎದ್ದು ಬಂದು ನೋಡಿದೆ. ಹೌದು, ಹಸಿರು ಗಾಜಿನ ಬಳೆಗಳ ಮೇಲೆಲ್ಲ ಹಿಟ್ಟು, ಒಂದರ ಮೇಲೆ ಬೆರಳಿನ ಗುರುತು. ನನ್ನ ಕಣ್ಣಿಗೆ ಬಿದ್ದಿದ್ದು ಇಲ್ಲದ ತಲೆ ಮಾತ್ರ. ಅವತ್ತಿಂದ ನಾನು ಕೇಳೋದು ಆ ಒಂದೇ ಪ್ರಶ್ನೆ, ಇದನ್ನ ಯಾಕೆ ತೆಗೆದೆ. ಕೆಲವು ಸಲ 'ಸುಮ್ನೆ' ಅಂತಾಳೆ. ಅದೂ ಉತ್ತರವೇ.

ಅವರು ಇರೋ ಎತ್ತರವೇ ಬೇರೆ ನೋಡಿ. ಬೆಣ್ಣೆ ದೋಸೆ ತಿನ್ನೋಕೆ ಹೋದರೆ ನಾವು ದೋಸೆ ಫೋಟೋ ತೆಗೀತೀವಿ, ಇವಳು ಹಂಚಿನ ಕೆಳಗಿನ ಸೌದೆ, ಬೂದಿ, ಭಟ್ಟರ ಹವಾಯಿ ಚಪ್ಪಲಿ ತೆಗೆದಿದ್ದಳು. ಹೋದ ಚಳಿಗಾಲದಲ್ಲಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ, ಇಲ್ಲಿಂದ ಅರವತ್ತು ಕಿಲೋಮೀಟರ್. ಕೋಟೆಯಲ್ಲಿ ಕೋತಿಗಳ ಕಾಟ, ಕ್ಯಾಮೆರಾ ಜೋಪಾನ ಅಂತ ಹೇಳಿ ಹೇಳಿ ಸಾಕಾಯ್ತು. ಓಬವ್ವನ ಕಿಂಡಿ ಹತ್ತಿರ ಎಲ್ಲರ ಹಾಗೆ ಅವಳನ್ನ ನಿಲ್ಲಿಸಿ ಫೋಟೋ ತೆಗೆಯೋಣ ಅಂತ ನಾನು ನೋಡಿದರೆ, ಅವಳು ಸರಕ್ಕನೆ ಒಳಗೆ ನುಸುಳಿ ಆ ಕಡೆ ಹೋಗಿಬಿಟ್ಟಳು. ಹಿಂದೆಯೇ ನಾನು ಬಗ್ಗಿ, ಹೊಟ್ಟೆ ಎಳೆದುಕೊಂಡು, ಬಂಡೆಗೆ ಕೈ ಊರಿ ತಲೆ ಹೊರಗೆ ಹಾಕಿದೆ. ಪೀಂ ಅಂತು. ಹೈದರಾಲಿ ಸೈನಿಕರು ತಲೆ ಹಾಕಿದ ಜಾಗದಲ್ಲೇ ನನ್ನ ಬೋಳು ನೆತ್ತಿ, ಎದುರಿಗೆ ಇವಳು. ಪುಣ್ಯಕ್ಕೆ ಕೈಯಲ್ಲಿದ್ದಿದ್ದು ಒನಕೆ ಅಲ್ಲ. ನಾನು ಅವತ್ತು ತೆಗೆದ ಇನ್ನೂರು ಫೋಟೋ ಎಲ್ಲಿವೆಯೋ ಗೊತ್ತಿಲ್ಲ, ಅವಳದು ಮಾತ್ರ ನಮ್ಮ ಮನೆ ಫ್ರಿಜ್ ಮೇಲಿದೆ.

ಫ್ರಿಜ್ ಅಂದಾಗ ನೆನಪಾಯ್ತು, ಪ್ರಿಂಟ್ ಹಾಕಿಸಿ. ಇದನ್ನ ಮಾತ್ರ ಬಿಡಬೇಡಿ. ತಿಂಗಳಿಗೊಮ್ಮೆ ಹತ್ತು ಫೋಟೋ, ಆರಿಸೋದು ಅವನೇ, ನೀವು ಮೂಗು ತೂರಿಸಬೇಡಿ. ನಾಲ್ಕು-ಆರು ಇಂಚಿನ ಸೈಜು ಸಾಕು. ಮುನ್ನೂರು ಫೋಟೋದಲ್ಲಿ ಹತ್ತು ಆರಿಸೋಕೆ ಕೂತಾಗಲೇ ಇದು ಅಲ್ಲಾಡಿದೆ, ಇದರಲ್ಲಿ ಬೆರಳು ಅಡ್ಡ ಬಂದಿದೆ ಅಂತ ತಾನೇ ಹೇಳೋಕೆ ಶುರು ಮಾಡುತ್ತಾರೆ. ನಾನು ಹೇಳಿದ್ದರೆ ಮತ್ತೆ ಡ್ರಾ ಸೇರುತ್ತಿತ್ತು.

ಅಪರಿಚಿತರ ಫೋಟೋ ತೆಗೆಯುವ ಮುಂಚೆ ಕೇಳೋದನ್ನ ಮೊದಲ ದಿನದಿಂದಲೇ ರೂಢಿ ಮಾಡಿಸಿ. ನಮ್ಮವಳು ಹೂ ಮಾರೋ ಅಮ್ಮನ ಹತ್ತಿರ ಹೋಗಿ 'ತೆಗೀಲಾ?' ಅಂತಾಳೆ. ಕೆಲವರು ಬೇಡ ಅಂತಾರೆ, ವಾಪಸ್ ಬರ್ತಾಳೆ. ಬೇರೆ ಮಕ್ಕಳಿರೋ ಫೋಟೋನ ನೀವು ಸ್ಟೇಟಸ್‌ಗೆ ಹಾಕಬೇಡಿ, ಎಷ್ಟೇ ಮುದ್ದಾಗಿದ್ದರೂ.

ಬೀಳಿಸಿದರೆ ಅಂತ ಕೇಳಿದ್ದೀರಿ. ಬೀಳಿಸುತ್ತಾನೆ. ನಮ್ಮದು ಕುಂದವಾಡ ಕೆರೆ ಏರಿ ಮೇಲೆ ಬಿದ್ದು ಲೆನ್ಸಿನ ಮುಚ್ಚಳ ಪೂರ್ತಿ ತೆರೆಯಲ್ಲ, ಈಗ ಎಲ್ಲ ಫೋಟೋದ ಮೂಲೆಯಲ್ಲೂ ಒಂದು ಕರಿ ಪಟ್ಟಿ. ಉಗುರಿನಿಂದ ಸ್ವಲ್ಪ ತಳ್ಳಿದರೆ ಸರಿಹೋಗುತ್ತೆ. ಅವಳು ನೆನಪಾದಾಗ ತಳ್ಳುತ್ತಾಳೆ.